ಸಬ್‌ವೂಫರ್ ಸರಿಯಾಗಿ ಕೇಳಿಸದಿದ್ದಾಗ: ದೋಷವನ್ನು ಹುಡುಕುವ ಕ್ರಮ

ಬಾಸ್ ಎನ್ನುವ ತಗ್ಗು ಸ್ವರಗಳನ್ನಷ್ಟೇ ನುಡಿಸುವ ಪೆಟ್ಟಿಗೆಯಾದ ಸಬ್‌ವೂಫರ್ ಬಗ್ಗೆ ಮನೆಗಳಲ್ಲಿ ಕೇಳಿಬರುವ ದೂರುಗಳು ಬಹುಮಟ್ಟಿಗೆ ಐದಾರು ಬಗೆಯವಷ್ಟೇ. ಪೆಟ್ಟಿಗೆಯಿಂದ ಸದ್ದೇ ಬರುವುದಿಲ್ಲ; ಏನೂ ಹಾಕದಿದ್ದರೂ ಗುಂಯ್‌ಗುಡುತ್ತದೆ; ಸೋಫಾದಲ್ಲಿ ಕುಳಿತರೆ ಬಾಸ್ ಸಪ್ಪೆ, ಎದ್ದು ಬಾಗಿಲ ಬಳಿ ನಿಂತರೆ ಎದೆ ನಡುಗುವಷ್ಟು ಜೋರು; ಯಾವ ಹಾಡು ಹಾಕಿದರೂ ಒಂದೇ ಮಂದ್ರಸ್ವರ ಮೊಳಗುತ್ತದೆ; ಗಂಡಸಿನ ಮಾತು ಮೂಲೆಯ ಪೆಟ್ಟಿಗೆಯಿಂದ ಬಂದಂತೆ ಕೇಳಿಸುತ್ತದೆ. ಇಂಥ ತೊಂದರೆ ಕಂಡೊಡನೆ ಹೆಚ್ಚಿನವರು ಒಂದೊಂದು ಆವೃತ್ತಿಯ ಮಟ್ಟವನ್ನು ಬೇರೆಬೇರೆಯಾಗಿ ಏರಿಳಿಸುವ ಈಕ್ವಲೈಸರ್‌ಗೆ ಕೈ ಹಾಕುತ್ತಾರೆ, ಇಲ್ಲವೇ ಇನ್ನೂ ದೊಡ್ಡ ಪೆಟ್ಟಿಗೆಯ ಬೆಲೆ ವಿಚಾರಿಸುತ್ತಾರೆ. ಆದರೆ ದೋಷ ಪೆಟ್ಟಿಗೆಯೊಳಗೇ ಇರುವುದು ಅಪರೂಪ. ಅದು ಸಾಮಾನ್ಯವಾಗಿ ವಿದ್ಯುತ್ ಸಂಪರ್ಕದಲ್ಲಿ, ಸಿಗ್ನಲ್ ಬರುವ ದಾರಿಯಲ್ಲಿ, ಪೆಟ್ಟಿಗೆ ಇಟ್ಟ ಜಾಗದಲ್ಲಿ ಅಥವಾ ಸಬ್‌ವೂಫರ್ ಮತ್ತು ಮುಖ್ಯ ಸ್ಪೀಕರ್‌ಗಳು ಕೂಡುವ ಬಿಂದುವಿನಲ್ಲಿ ಇರುತ್ತದೆ. ಇವುಗಳನ್ನು ಇದೇ ಕ್ರಮದಲ್ಲಿ ನೋಡುತ್ತ ಬಂದರೆ ಈಕ್ವಲೈಸರ್‌ಗೆ ಉಳಿಯುವ ಕೆಲಸ ಬಹಳ ಕಡಿಮೆ. ಕ್ರಮ ತಪ್ಪಿಸಿ ಈಕ್ವಲೈಸರ್‌ನಿಂದಲೇ ಶುರು ಮಾಡಿದರೆ ಮೂಲ ದೋಷ ಅದರ ಅಡಿಯಲ್ಲಿ ಮುಚ್ಚಿಹೋಗುತ್ತದೆ. ಮುಂದೆ ಅದನ್ನು ಹುಡುಕುವುದು ಇನ್ನೂ ಕಷ್ಟವಾಗುತ್ತದೆ.

ಪರೀಕ್ಷೆ ಆರಂಭಿಸುವ ಮೊದಲು ರಿಸೀವರ್‌ನ, ಅಂದರೆ ಟಿವಿ ಮುಂತಾದವುಗಳ ಧ್ವನಿಯನ್ನು ಸ್ಪೀಕರ್‌ಗಳಿಗೆ ಹಂಚುವ ಆಂಪ್ಲಿಫೈಯರ್‌ನ, ಈಗಿನ ಎಲ್ಲ ಸೆಟ್ಟಿಂಗ್‌ಗಳನ್ನು ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಸಬ್‌ವೂಫರ್ ಹಿಂಭಾಗದ ತಿರುಗುಗುಂಡಿಗಳು ಎಲ್ಲಿವೆ ಎಂಬುದನ್ನೂ ಸೇರಿಸಿ. ಆಮೇಲೆ ರಿಸೀವರ್ ಮೈಕಿನಿಂದ ಕೋಣೆಯನ್ನು ಅಳೆದು ಮಾಡುವ ಸ್ವಯಂಚಾಲಿತ ತಿದ್ದುಪಡಿ, ಬಾಸ್ ಮತ್ತು ಟ್ರೆಬಲ್ ಏರಿಕೆ, ನೈಟ್ ಮೋಡ್, ಲೌಡ್‌ನೆಸ್ ಇವೆಲ್ಲವನ್ನೂ ಆಫ್ ಮಾಡಿ. ಒಮ್ಮೆಗೆ ಒಂದನ್ನು ಮಾತ್ರ ಬದಲಿಸಬೇಕು. ಎರಡನ್ನು ಒಟ್ಟಿಗೆ ಬದಲಿಸಿದಾಗ ಸುಧಾರಣೆ ಕಂಡರೂ ಯಾವುದರಿಂದ ಆಯಿತೆಂದು ತಿಳಿಯುವುದಿಲ್ಲ.

ಸದ್ದು ಬಾರದಿದ್ದರೆ

ಮೊದಲು ದೀಪ ನೋಡಿ. ಬಹಳಷ್ಟು ಸಬ್‌ವೂಫರ್‌ಗಳಲ್ಲಿ ಆಟೋ ಸ್ಟ್ಯಾಂಡ್‌ಬೈ ಎಂಬ ವ್ಯವಸ್ಥೆ ಇದ್ದು, ಒಳಬರುವ ಸಿಗ್ನಲ್ ಒಂದು ಮಟ್ಟಕ್ಕಿಂತ ಕೆಳಗಿದ್ದರೆ ಆಂಪ್ಲಿಫೈಯರ್ ತಾನಾಗಿ ಮಲಗುತ್ತದೆ. ರಾತ್ರಿ ಕಡಿಮೆ ವಾಲ್ಯೂಮ್‌ನಲ್ಲಿ ಕೇಳುವಾಗ ಬಾಸ್ ಬಂದು ಬಂದು ನಿಲ್ಲುತ್ತಿದ್ದರೆ ಕಾರಣ ಇದೇ ಇರುತ್ತದೆ. ಸ್ವಿಚ್ಚನ್ನು ಆಟೋದಿಂದ ಆನ್‌ಗೆ ಬದಲಿಸಿ ನೋಡಿ. ತೊಂದರೆ ಹೋದರೆ, ಸಬ್‌ವೂಫರ್‌ನ ಗೇನ್ (ಅದರದೇ ವಾಲ್ಯೂಮ್ ಗುಂಡಿ) ಸ್ವಲ್ಪ ತಗ್ಗಿಸಿ ರಿಸೀವರ್ ಕಡೆಯ ಮಟ್ಟವನ್ನು ಅಷ್ಟೇ ಏರಿಸಿ. ಆಗ ಸಿಗ್ನಲ್ ಬಲವಾಗಿ ಬಂದು ಆಟೋ ಸ್ಥಿತಿಯಲ್ಲೂ ಪೆಟ್ಟಿಗೆ ಎಚ್ಚರವಾಗಿರುತ್ತದೆ. ದೀಪ ಸರಿಯಾಗಿದ್ದೂ ಸದ್ದಿಲ್ಲದಿದ್ದರೆ ರಿಸೀವರ್‌ನಿಂದ ಕೇಬಲ್ ಕಳಚಿ, ಫೋನಿನ ಹೆಡ್‌ಫೋನ್ ದಾರಿಯಿಂದ ನೇರವಾಗಿ ಸಬ್‌ವೂಫರ್‌ಗೆ ಒಂದು ಹಾಡು ಕೊಟ್ಟು ನೋಡಿ. ಆಗ ಸದ್ದು ಬಂದರೆ ಪೆಟ್ಟಿಗೆಯೂ ಕೇಬಲ್ಲೂ ಸರಿ ಇವೆ, ದೋಷ ರಿಸೀವರ್‌ನ ಸೆಟ್ಟಿಂಗ್‌ನಲ್ಲಿದೆ ಎಂದರ್ಥ.

ಸಿನಿಮಾಗೆ ಬಾಸ್ ಬರುತ್ತದೆ, ಹಾಡಿಗೆ ಬರುವುದಿಲ್ಲ ಎಂಬ ದೂರು ಬಹಳ ಬೆಲೆಬಾಳುವ ಸುಳಿವು. ಸಿನಿಮಾದ ಬಹುವಾಹಿನಿ ಧ್ವನಿಯಲ್ಲಿ ಸಬ್‌ವೂಫರ್‌ಗೆಂದೇ ಎಲ್‌ಎಫ್‌ಇ ಎಂಬ ಪ್ರತ್ಯೇಕ ವಾಹಿನಿ ಇರುತ್ತದೆ. ಸ್ಟೀರಿಯೋ ಹಾಡಿನಲ್ಲಿ ಅದು ಇರುವುದಿಲ್ಲ. ಮುಖ್ಯ ಸ್ಪೀಕರ್‌ಗಳನ್ನು ರಿಸೀವರ್‌ನಲ್ಲಿ ‘ಲಾರ್ಜ್’ ಎಂದು ಗುರುತಿಸಿದ್ದರೆ ಹಾಡಿನ ಬಾಸ್ ಪೂರ್ತಿ ಅವುಗಳಿಗೇ ಹೋಗಿ ಸಬ್‌ವೂಫರ್ ಸುಮ್ಮನೆ ಕೂರುತ್ತದೆ. ಸ್ಪೀಕರ್ ಎಷ್ಟೇ ಎತ್ತರವಿದ್ದರೂ ‘ಸ್ಮಾಲ್’ ಎಂದೇ ಗುರುತಿಸಿ. ಈ ಪದ ಗಾತ್ರವನ್ನು ಹೇಳುತ್ತಿಲ್ಲ, ತಗ್ಗು ಬಾಸನ್ನು ಸಬ್‌ವೂಫರ್‌ಗೆ ಕಳಿಸು ಎಂದಷ್ಟೇ ಹೇಳುತ್ತದೆ. ‘ಡೈರೆಕ್ಟ್’ ಅಥವಾ ‘ಪ್ಯೂರ್ ಡೈರೆಕ್ಟ್’ ಎಂಬ ಆಯ್ಕೆಗಳು ಅನೇಕ ರಿಸೀವರ್‌ಗಳಲ್ಲಿ ಈ ಹಂಚಿಕೆಯನ್ನೇ ಬದಿಗಿಡುತ್ತವೆ, ಅದನ್ನೂ ನೋಡಿ. ಇದರ ತದ್ವಿರುದ್ಧವಾಗಿ ಹಾಡಿಗೆ ಬಾಸ್ ಇದ್ದು ಸಿನಿಮಾದ ಸ್ಫೋಟಗಳೇ ಸಪ್ಪೆಯಾಗಿದ್ದರೆ, ಟಿವಿ ಅಥವಾ ಸೆಟ್‌ಟಾಪ್ ಬಾಕ್ಸ್ ಧ್ವನಿಯನ್ನು ಸ್ಟೀರಿಯೋಗೆ ಇಳಿಸಿ ಕಳಿಸುತ್ತಿರಬಹುದು. ಹಾಗೆ ಇಳಿಸುವಾಗ ಎಲ್‌ಎಫ್‌ಇ ವಾಹಿನಿಯನ್ನು ಸಾಮಾನ್ಯವಾಗಿ ಕೈಬಿಡಲಾಗುತ್ತದೆ.

ಗುಂಯ್‌ಗುಡುವ ಸದ್ದು

ನಮ್ಮ ವಿದ್ಯುತ್ 50 ಹರ್ಟ್ಜ್‌ನದು. ಆದ್ದರಿಂದ ಇಲ್ಲಿ ಕೇಳುವ ಗುಂಯ್‌ಕಾರ 50 ಹರ್ಟ್ಜ್‌ನಲ್ಲೋ ಅದರ ಗುಣಕಗಳಾದ 100, 150 ಹರ್ಟ್ಜ್‌ಗಳಲ್ಲೋ ಇರುತ್ತದೆ. ಪತ್ತೆಯ ಮೊದಲ ಹೆಜ್ಜೆ ಸರಳ: ಸಬ್‌ವೂಫರ್ ಚಾಲೂ ಇರುವಾಗಲೇ ವಾಲ್ಯೂಮ್ ತಗ್ಗಿಸಿ, ಅದರ ಹಿಂದಿನ ಸಿಗ್ನಲ್ ಕೇಬಲ್ ಕಳಚಿ. ಗುಂಯ್‌ಕಾರ ಹಾಗೇ ಉಳಿದರೆ ಅದು ಪೆಟ್ಟಿಗೆಯೊಳಗಿನ ಆಂಪ್ಲಿಫೈಯರ್‌ನದು, ಬಹುಶಃ ಅದರೊಳಗೆ ವಿದ್ಯುತ್ತನ್ನು ಸಮಗೊಳಿಸುವ ಫಿಲ್ಟರ್ ಕೆಪಾಸಿಟರ್ ಸೊರಗಿದೆ. ಅದು ರಿಪೇರಿ ಮಾಡುವವರ ಕೆಲಸ. ಸದ್ದು ನಿಂತುಹೋದರೆ ಕಾರಣ ಹೊರಗಿದೆ.

ಹೊರಗಿನ ಕಾರಣಗಳಲ್ಲಿ ಮೊದಲನೆಯದು ಗ್ರೌಂಡ್ ಲೂಪ್. ಒಂದೇ ವ್ಯವಸ್ಥೆ ಎರಡು ಬೇರೆ ಬೇರೆ ದಾರಿಗಳಿಂದ ನೆಲಕ್ಕೆ ಸೇರಿದಾಗ, ಆ ಎರಡರ ನಡುವಿನ ಸಣ್ಣ ವೋಲ್ಟೇಜ್ ವ್ಯತ್ಯಾಸದಿಂದ ಸಿಗ್ನಲ್ ಕೇಬಲ್‌ನ ಹೊರಕವಚದಲ್ಲಿ ಕರೆಂಟು ಹರಿಯುತ್ತದೆ. ಸಬ್‌ವೂಫರ್ ಅದನ್ನೇ ಸಂಗೀತವೆಂದು ಭಾವಿಸಿ ನುಡಿಸುತ್ತದೆ. ಮನೆಗಳಲ್ಲಿ ಈ ಎರಡನೆಯ ದಾರಿ ಬಹಳ ಸಲ ಕೇಬಲ್ ಟಿವಿಯ ಅಥವಾ ಮಾಳಿಗೆಯ ಮೇಲಿನ ಡಿಶ್‌ನ ದಪ್ಪ ವೈರು. ಸೆಟ್‌ಟಾಪ್ ಬಾಕ್ಸಿನ ಹಿಂದೆ ತಿರುಪಿನಂತೆ ಕೂರುವ ಆ ವೈರನ್ನು ಬಿಚ್ಚಿ ಕೈಯಲ್ಲಿ ಹಿಡಿದ ಕ್ಷಣವೇ ಗುಂಯ್‌ಕಾರ ನಿಂತು, ಮತ್ತೆ ಮುಟ್ಟಿಸಿದರೆ ಶುರುವಾದರೆ, ಬೇರೆ ಸಾಕ್ಷಿ ಬೇಕಿಲ್ಲ. ಆ ವೈರಿನ ಸಾಲಿನಲ್ಲಿ ಕೂರಿಸಿ ನೆಲದ ದಾರಿಯನ್ನು ಕಡಿಯುವ ಐಸೊಲೇಟರ್ ಇದಕ್ಕೆ ಮದ್ದು. ಡಿಶ್‌ನ ವೈರಿನಲ್ಲಿ ಮೇಲೆ ಸಿಗ್ನಲ್ ಹಿಡಿಯುವ ಸಾಧನಕ್ಕೆ ವಿದ್ಯುತ್ ಕೂಡ ಹೋಗಬೇಕಾದ್ದರಿಂದ ಅದಕ್ಕೆ ಹೊಂದುವಂಥದ್ದೇ ಬೇಕು. ಅದು ಕಾರಣವಲ್ಲವಾದರೆ ಟಿವಿ, ರಿಸೀವರ್, ಸಬ್‌ವೂಫರ್ ಮೂರನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಜೋಡಿಸಿ ನೋಡಿ. ಆಡಿಯೋ ಸಾಲಿನಲ್ಲಿ ಹಾಕುವ ಐಸೊಲೇಟರ್‌ಗಳೂ ಸಿಗುತ್ತವೆ. ಆದರೆ ಅಗ್ಗದವುಗಳ ಒಳಗಿನ ಸಣ್ಣ ಟ್ರಾನ್ಸ್‌ಫಾರ್ಮರ್ ಅತಿ ತಗ್ಗಿನ ಬಾಸನ್ನೇ ನುಂಗುತ್ತದೆ, ಹಾಗಾಗಿ ಅದನ್ನು ಕೊನೆಯ ಆಯ್ಕೆಯಾಗಿಡಿ.

ಗುಂಯ್‌ಕಾರ ನಿಲ್ಲಿಸಲು ಮೂರು ಪಿನ್ನಿನ ಪ್ಲಗ್ಗಿನಿಂದ ಅರ್ತಿಂಗ್ ಪಿನ್ ಕತ್ತರಿಸುವ ಅಥವಾ ಎರಡು ಪಿನ್ನಿನ ಅಡಾಪ್ಟರ್ ಹಾಕುವ ಸಲಹೆ ಇಂದಿಗೂ ಚಾಲ್ತಿಯಲ್ಲಿದೆ. ದಯವಿಟ್ಟು ಅದನ್ನು ಮಾಡಬೇಡಿ. ಸಬ್‌ವೂಫರ್‌ನ ಹಿಂಬದಿ ಲೋಹದ ತಗಡು. ಒಳಗೆ ಯಾವುದೋ ವೈರು ಸಡಿಲಿ ಅದಕ್ಕೆ ತಗುಲಿದ ದಿನ, ಧೂಳು ಒರೆಸಲು ಹೋದವರ ಜೀವಕ್ಕೆ ಆ ಪಿನ್ ಒಂದೇ ರಕ್ಷಣೆ. ವಾಸ್ತವದಲ್ಲಿ ನಮ್ಮ ಮನೆಗಳ ತೊಂದರೆ ಅನೇಕ ಸಲ ಅರ್ತಿಂಗ್ ಇರುವುದರಿಂದಲ್ಲ, ಸರಿಯಾಗಿ ಇಲ್ಲದಿರುವುದರಿಂದ. ರಿಸೀವರ್‌ನ ಲೋಹದ ಮೈಗೆ ಲೈನ್ ಟೆಸ್ಟರ್ ತಾಗಿಸಿದಾಗ ದೀಪ ಮಿನುಗಿದರೆ, ಅಥವಾ ಬೇಸಿಗೆಯಲ್ಲಿ ಅರ್ತಿಂಗ್ ಗುಂಡಿ ಒಣಗಿದ ಮೇಲೆ ಗುಂಯ್‌ಕಾರ ಹೆಚ್ಚಾಗಿ ಗುಂಡಿಗೆ ನೀರು ಹೊಯ್ದಾಗ ತಗ್ಗಿದರೆ, ಎಲೆಕ್ಟ್ರಿಷಿಯನ್‌ರನ್ನು ಕರೆಸಿ ಅರ್ತಿಂಗ್ ಪರೀಕ್ಷಿಸಿಯೇ ಮುಂದುವರಿಯಿರಿ. ಕರೆಂಟು ಹೋದಾಗ ಮಾತ್ರ ಕರ್ಕಶವಾದ ಝೇಂಕಾರ ಕೇಳುತ್ತಿದ್ದರೆ ಮನೆಯ ಇನ್ವರ್ಟರ್ ಸ್ಕ್ವೇರ್ ವೇವ್ ಬಗೆಯದಾಗಿರಬಹುದು. ಅದರ ಅಲೆಯಲ್ಲಿ 150, 250 ಹರ್ಟ್ಜ್‌ಗಳಂಥ ಬೆಸ ಗುಣಕಗಳು ತುಂಬಿರುತ್ತವೆ. ಸೈನ್ ವೇವ್ ಇನ್ವರ್ಟರ್‌ನಲ್ಲಿ ಈ ಉಪದ್ರವ ಇರುವುದಿಲ್ಲ.

ಕುಳಿತಲ್ಲಿ ಬಾಸ್ ಇಲ್ಲ, ನಿಂತಲ್ಲಿ ವಿಪರೀತ

ಇದು ಎಲ್ಲಕ್ಕಿಂತ ಸಾಮಾನ್ಯವಾದ ದೂರು, ಮತ್ತು ಅತಿ ಹೆಚ್ಚು ಹಣ ವ್ಯರ್ಥವಾಗುವುದೂ ಇಲ್ಲಿಯೇ. ಕೋಣೆಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 345 ಮೀಟರ್ ಓಡುತ್ತದೆ. ಆ ಲೆಕ್ಕದಲ್ಲಿ 40 ಹರ್ಟ್ಜ್‌ನ ತರಂಗದೂರ 8.6 ಮೀಟರ್, ಅಂದರೆ ಹೆಚ್ಚಿನ ಹಾಲ್‌ಗಳ ಉದ್ದಕ್ಕಿಂತಲೂ ಹೆಚ್ಚು. ಅಷ್ಟು ಉದ್ದದ ಅಲೆ ಎದುರುಬದುರಿನ ಗೋಡೆಗಳ ನಡುವೆ ಮತ್ತೆ ಮತ್ತೆ ಮರಳುವಾಗ ಕೆಲವು ನಿರ್ದಿಷ್ಟ ಆವೃತ್ತಿಗಳಲ್ಲಿ ಸ್ಥಿರ ಅಲೆಗಳು ಏಳುತ್ತವೆ. ಶಬ್ದದ ವೇಗವನ್ನು ಗೋಡೆಗಳ ಅಂತರದ ಎರಡರಷ್ಟರಿಂದ ಭಾಗಿಸಿದರೆ ಮೊದಲ ಸ್ಥಿರ ಅಲೆಯ ಆವೃತ್ತಿ ಸಿಗುತ್ತದೆ.

ಹದಿನೈದು ಅಡಿ ಉದ್ದ, ಹನ್ನೆರಡು ಅಡಿ ಅಗಲ, ಹತ್ತು ಅಡಿ ಎತ್ತರದ ಒಂದು ಹಾಲ್ ತೆಗೆದುಕೊಳ್ಳೋಣ. ಉದ್ದ 4.57 ಮೀಟರ್, ಆದ್ದರಿಂದ ಮೊದಲ ಅಲೆ ಸುಮಾರು 38 ಹರ್ಟ್ಜ್; ಅಗಲ 3.66 ಮೀಟರ್, ಅದು 47 ಹರ್ಟ್ಜ್, ಎತ್ತರ 3.05 ಮೀಟರ್, ಅದು 57 ಹರ್ಟ್ಜ್. ಈ ಮೂರೂ ಸಬ್‌ವೂಫರ್ ದುಡಿಯುವ ವ್ಯಾಪ್ತಿಯ ಮಧ್ಯದಲ್ಲೇ ಬಂದು ಕೂತಿವೆ. ಪ್ರತಿಯೊಂದು ಅಲೆಯ ಒತ್ತಡ ಗೋಡೆಯ ಬಳಿ ಗರಿಷ್ಠ, ಎರಡು ಗೋಡೆಗಳ ನಡುಮಧ್ಯದಲ್ಲಿ ಹೆಚ್ಚುಕಡಿಮೆ ಸೊನ್ನೆ. ಕೋಣೆಯ ಉದ್ದದ ನಟ್ಟನಡುವೆ ಸೋಫಾ ಹಾಕಿದವರಿಗೆ 38 ಹರ್ಟ್ಜ್ ಕೇಳಿಸದೇ ಇರುವುದು, ಅದೇ ಸ್ವರ ಹಿಂದಿನ ಬಾಗಿಲಲ್ಲಿ ನಿಂತವರ ಎದೆಗೆ ಬಡಿಯುವುದು ಈ ಕಾರಣದಿಂದ. ಅಮೆರಿಕದ ಮರದ ಚೌಕಟ್ಟು ಮತ್ತು ಜಿಪ್ಸಮ್ ಹಲಗೆಯ ಗೋಡೆಗಳು ತಾವೇ ಸ್ವಲ್ಪ ಅಲುಗಿ ತಗ್ಗು ಆವೃತ್ತಿಯ ಶಕ್ತಿಯನ್ನು ಹೀರಿಕೊಳ್ಳುತ್ತವೆ. ನಮ್ಮ ಇಟ್ಟಿಗೆ ಗೋಡೆ, ಆರ್‌ಸಿಸಿ ತಾರಸಿ, ವಿಟ್ರಿಫೈಡ್ ಟೈಲ್ಸ್ ಅಲುಗುವುದೇ ಇಲ್ಲ. ಅಲ್ಲಿನವರು ಬರೆದ ಸಲಹೆಗಳನ್ನು ಓದುವಾಗ ಈ ವ್ಯತ್ಯಾಸ ನೆನಪಿರಲಿ: ಇಲ್ಲಿ ಏರು ಇನ್ನಷ್ಟು ಎತ್ತರ, ತಗ್ಗು ಇನ್ನಷ್ಟು ಆಳ, ಮೊಳಗು ಇನ್ನಷ್ಟು ದೀರ್ಘ. ದಪ್ಪ ಪರದೆ, ಜಮಖಾನ, ಒಂದೆರಡು ಇಂಚಿನ ಫೋಮ್ ಇವು ಮೇಲಿನ ಸ್ವರಗಳ ಪ್ರತಿಧ್ವನಿಗೆ ಸಹಾಯ ಮಾಡುತ್ತವೆಯೇ ಹೊರತು 40 ಹರ್ಟ್ಜ್‌ಗೆ ಏನೂ ಮಾಡಲಾರವು.

ದೋಷ ಕೋಣೆಯದೇ ಎಂದು ಖಚಿತಪಡಿಸಿಕೊಳ್ಳಲು ಬಾಸ್ ಗಿಟಾರ್ ಏಣಿಯಂತೆ ಮೇಲೆ ಕೆಳಗೆ ಓಡಾಡುವ ಯಾವುದಾದರೂ ಹಾಡು ಸಾಕು. ಬಾಸ್ ಗಿಟಾರ್‌ನ ನಾಲ್ಕು ತಂತಿಗಳ ಬಿಡಿ ಸ್ವರಗಳು ಸುಮಾರು 41, 55, 73 ಮತ್ತು 98 ಹರ್ಟ್ಜ್. ಮೇಲಿನ ಹಾಲ್‌ನಲ್ಲಿ ಇವುಗಳಲ್ಲಿ 55 ಹರ್ಟ್ಜ್ ಎತ್ತರದ 57ಕ್ಕೆ ಬಹಳ ಸಮೀಪ. ವಾದಕ ಎಲ್ಲ ಸ್ವರಗಳನ್ನೂ ಒಂದೇ ಬಲದಿಂದ ಮೀಟಿದ್ದರೂ ಆ ಒಂದು ಸ್ವರ ಬಂದಾಗಲೆಲ್ಲ ಹಾಲ್ ಉಬ್ಬಿದಂತಾಗುತ್ತದೆ. ಮೃದಂಗದ ಎಡಮುಖದ ಗುಮ್ಕಿಯಲ್ಲಿಯೂ ಇದು ಗೊತ್ತಾಗುತ್ತದೆ: ಜಾರುವ ಸ್ವರ ದಾರಿಯ ಮಧ್ಯೆ ಒಂದು ಕಡೆ ತಟ್ಟನೆ ಊದಿ ಮತ್ತೆ ಕುಗ್ಗುತ್ತದೆ.

ಇದಕ್ಕೆ ಪರಿಹಾರ ಪೆಟ್ಟಿಗೆಯನ್ನೂ ಸೋಫಾವನ್ನೂ ಸರಿಸುವುದು, ಮತ್ತು ಇದಕ್ಕೆ ಖರ್ಚಿಲ್ಲ. ಸೋಫಾ ಉದ್ದದ ನಟ್ಟನಡುವೆಯೂ ಬೇಡ, ಹಿಂದಿನ ಗೋಡೆಗೆ ಒತ್ತಿಯೂ ಬೇಡ. ಗೋಡೆಗೆ ಒತ್ತಿ ಕುಳಿತವರ ತಲೆ ಎಲ್ಲ ಅಲೆಗಳ ಗರಿಷ್ಠ ಒತ್ತಡದಲ್ಲೇ ಇರುತ್ತದೆ. ಎರಡು ಮೂರು ಅಡಿ ಮುಂದೆ ತಂದರೂ ದೊಡ್ಡ ವ್ಯತ್ಯಾಸ ಕೇಳಿಸುತ್ತದೆ. ಪೆಟ್ಟಿಗೆಯ ಜಾಗ ಹುಡುಕಲು ಹಳೆಯ, ಇಂದಿಗೂ ಒಳ್ಳೆಯ ವಿಧಾನ ಒಂದಿದೆ. ಸಬ್‌ವೂಫರನ್ನು ನೀವು ಕೂರುವ ಜಾಗದಲ್ಲೇ, ಸಾಧ್ಯವಾದರೆ ಸೋಫಾದ ಮೇಲೆಯೇ ಇಡಿ. ಬಾಸ್ ಸ್ವರಗಳು ಒಂದಾದ ಮೇಲೊಂದು ಬರುವ ಹಾಡನ್ನು ಮರಳಿ ಮರಳಿ ಹಾಕಿ. ಆಮೇಲೆ ಪೆಟ್ಟಿಗೆ ಇಡಲು ಸಾಧ್ಯವಿರುವ ಒಂದೊಂದು ಜಾಗದಲ್ಲೂ ಮಂಡಿಯೂರಿ, ಕಿವಿಯನ್ನು ಪೆಟ್ಟಿಗೆಯ ಎತ್ತರಕ್ಕೆ ತಂದು ಕೇಳಿ. ಬಾಸ್ ಎಲ್ಲಿ ಅತಿ ಜೋರಾಗಿದೆ ಎಂಬುದು ಮುಖ್ಯವಲ್ಲ. ಎಲ್ಲ ಸ್ವರಗಳೂ ಎಲ್ಲಿ ಸಮನಾಗಿ, ಬಿಡಿಬಿಡಿಯಾಗಿ ಕೇಳಿಸುತ್ತವೆಯೋ ಅದು ಸರಿಯಾದ ಜಾಗ. ಮೂಲೆಯಲ್ಲಿಟ್ಟರೆ ಗೋಡೆಗಳ ಬೆಂಬಲದಿಂದ ಸದ್ದು ಹೆಚ್ಚುವುದು ನಿಜ, ಆದರೆ ಮೂರೂ ದಿಕ್ಕಿನ ಅಲೆಗಳು ಪೂರ್ತಿ ಬಲದಿಂದ ಎದ್ದೇಳುತ್ತವೆ. ಮುಂದಿನ ಗೋಡೆಯ ನಡುವಿನಲ್ಲಿಟ್ಟರೆ ಅಗಲದ 47 ಹರ್ಟ್ಜ್ ಅಲೆ ಬಹುಮಟ್ಟಿಗೆ ಏಳುವುದೇ ಇಲ್ಲ, ಏಕೆಂದರೆ ಆ ಅಲೆಯ ಸೊನ್ನೆ ಬಿಂದು ಅಲ್ಲಿಯೇ ಇದೆ.

ಒಂದು ಪೆಟ್ಟಿಗೆಯಿಂದ ಒಂದು ಆಸನವನ್ನು ಸರಿಪಡಿಸಬಹುದು. ಇಡೀ ಸೋಫಾವನ್ನು ಸರಿಪಡಿಸುವುದು ಕಷ್ಟ. ಹರ್ಮನ್ ಸಂಸ್ಥೆಯ ಟಾಡ್ ವೆಲ್ಟಿ 2002ರಲ್ಲಿ ಮಂಡಿಸಿದ ಅಧ್ಯಯನ, ಆಯತಾಕಾರದ ಕೋಣೆಗಳಲ್ಲಿ ನಾಲ್ಕು ಗೋಡೆಗಳ ನಡುಬಿಂದುಗಳಲ್ಲಿಟ್ಟ ನಾಲ್ಕು ಸಬ್‌ವೂಫರ್‌ಗಳು ಆಸನದಿಂದ ಆಸನಕ್ಕೆ ಆಗುವ ವ್ಯತ್ಯಾಸವನ್ನು ಬಹಳ ತಗ್ಗಿಸುತ್ತವೆ, ಎದುರುಬದುರು ಗೋಡೆಗಳ ನಡುವಿನಲ್ಲಿಟ್ಟ ಎರಡೇ ಪೆಟ್ಟಿಗೆಗಳು ಕೂಡ ಅದಕ್ಕೆ ಬಹಳ ಸಮೀಪ ಬರುತ್ತವೆ ಎಂದು ತೋರಿಸಿತು. ಎರಡು ಪೆಟ್ಟಿಗೆಗಳು ಒಂದೇ ಅಲೆಯನ್ನು ವಿರುದ್ಧ ದಿಕ್ಕುಗಳಿಂದ ತಳ್ಳುವುದರಿಂದ ಅದು ಏಳುವ ಮೊದಲೇ ರದ್ದಾಗುತ್ತದೆ. ಇರುವ ಹತ್ತಿಂಚಿನ ಪೆಟ್ಟಿಗೆ ಮಾರಿ ಹನ್ನೆರಡು ಇಂಚಿನದು ತರಬೇಕೆಂದು ಯೋಚಿಸುವವರಿಗೆ ನಾನು ಹೇಳುವುದು ಯಾವಾಗಲೂ ಒಂದೇ: ಅದೇ ಹಣದಲ್ಲಿ ಇನ್ನೊಂದು ಹತ್ತಿಂಚಿನದನ್ನೇ ತನ್ನಿ.

ಕ್ರಾಸ್‌ಓವರ್‌ನಲ್ಲಿ ಅಡಗಿದ ದೋಷಗಳು

ಜಾಗ ಸರಿಹೋದ ಮೇಲೂ ಬಾಸ್ ಬೇರೆ, ಹಾಡು ಬೇರೆ ಎಂಬಂತೆ ಕೇಳುತ್ತಿದ್ದರೆ ಕ್ರಾಸ್‌ಓವರ್ ಕಡೆ, ಅಂದರೆ ಒಂದು ಆವೃತ್ತಿಯಿಂದ ಕೆಳಗಿನದನ್ನು ಸಬ್‌ವೂಫರ್‌ಗೂ ಮೇಲಿನದನ್ನು ಸ್ಪೀಕರ್‌ಗಳಿಗೂ ಫಿಲ್ಟರ್‌ಗಳಿಂದ ಹಂಚುವ ಕಡೆ ಬನ್ನಿ. ಇಲ್ಲಿ ಅತಿ ಹೆಚ್ಚು ಕಾಣುವ ದೋಷ ಎರಡು ಫಿಲ್ಟರ್‌ಗಳು ಸಾಲಾಗಿ ಕೂತಿರುವುದು. ರಿಸೀವರ್‌ನಲ್ಲಿ 80 ಹರ್ಟ್ಜ್ ಇಟ್ಟಿರುತ್ತಾರೆ, ಜೊತೆಗೆ ಸಬ್‌ವೂಫರ್ ಹಿಂದಿನ ಗುಂಡಿಯನ್ನೂ 80ಕ್ಕೆ ತಿರುಗಿಸಿರುತ್ತಾರೆ. ಎರಡೂ ಸೇರಿ ಬಾಸನ್ನು ಬೇಕಾದ್ದಕ್ಕಿಂತ ಬೇಗ, ಕಡಿದಾಗಿ ಇಳಿಸುತ್ತವೆ. ಫೇಸ್ (ಅಲೆಯ ಏರಿಳಿತ ಎಷ್ಟು ಹಿಂದೆ ಮುಂದೆ ಇದೆ ಎಂಬುದು) ಕೂಡ ಎರಡು ಪಟ್ಟು ತಿರುಗುತ್ತದೆ. ಪರಿಣಾಮವಾಗಿ 60ರಿಂದ 100 ಹರ್ಟ್ಜ್ ನಡುವೆ ಒಂದು ಹಳ್ಳ ಬೀಳುತ್ತದೆ. ಡೊಳ್ಳಿನ ಬಡಿತಕ್ಕೆ ನಡುಕ ಇದ್ದು ತೂಕ ಇಲ್ಲದಂತೆ ಕೇಳಿಸುವುದು ಈ ಹಳ್ಳದ ಗುರುತು. ರಿಸೀವರ್ ಕ್ರಾಸ್‌ಓವರ್ ಮಾಡುತ್ತಿದ್ದರೆ ಸಬ್‌ವೂಫರ್‌ನ ಗುಂಡಿಯನ್ನು ಅದರ ಗರಿಷ್ಠಕ್ಕೆ ತಿರುಗಿಸಿಬಿಡಿ, ಅಥವಾ ಎಲ್‌ಎಫ್‌ಇ ಎಂದು ಬರೆದ ದ್ವಾರಕ್ಕೆ ಕೇಬಲ್ ಕೊಡಿ. ಬರಿಯ ಸ್ಟೀರಿಯೋ ಆಂಪ್ಲಿಫೈಯರ್ ಇದ್ದು ಅದರಲ್ಲಿ ಕ್ರಾಸ್‌ಓವರ್ ಇಲ್ಲದಿದ್ದರೆ ಮಾತ್ರ ಆ ಗುಂಡಿ ಕೆಲಸಕ್ಕೆ ಬರುತ್ತದೆ. ಆಗ ಮುಖ್ಯ ಸ್ಪೀಕರ್‌ಗಳು ಪೂರ್ತಿ ಬಾಸನ್ನು ನುಡಿಸುತ್ತಲೇ ಇರುವುದರಿಂದ, ಅವು ಸಹಜವಾಗಿ ಸೋಲುವ ಆವೃತ್ತಿಯ ಆಸುಪಾಸಿನಿಂದ, ಸಾಮಾನ್ಯವಾಗಿ 40ರಿಂದ 60 ಹರ್ಟ್ಜ್‌ನಿಂದ, ಶುರು ಮಾಡಬೇಕು.

ಎರಡನೆಯ ದೋಷ ಇದಕ್ಕೆ ವಿರುದ್ಧವಾದದ್ದು: ‘ಎಲ್‌ಎಫ್‌ಇ ಪ್ಲಸ್ ಮೇನ್’ ಅಥವಾ ‘ಡಬಲ್ ಬಾಸ್’ ಎಂಬ ಆಯ್ಕೆ. ಇದು ಒಂದೇ ಬಾಸನ್ನು ಮುಖ್ಯ ಸ್ಪೀಕರ್‌ಗಳಿಗೂ ಸಬ್‌ವೂಫರ್‌ಗೂ ಕಳಿಸುತ್ತದೆ. ಬೇರೆ ಬೇರೆ ಜಾಗಗಳಿಂದ ಬರುವ ಅದೇ ಅಲೆಗಳು ಕೆಲವು ಸ್ವರಗಳಲ್ಲಿ ಕೂಡಿಕೊಳ್ಳುತ್ತವೆ, ಕೆಲವುಗಳಲ್ಲಿ ಒಂದನ್ನೊಂದು ಅಳಿಸುತ್ತವೆ. ಮೊಳಗಿನ ದೂರಿದ್ದರೆ ಮೊದಲು ಇದನ್ನು ಆಫ್ ಮಾಡಿ.

ಯಾವ ಆವೃತ್ತಿ ಇಡಬೇಕು ಎಂಬ ಪ್ರಶ್ನೆಗೆ 80 ಹರ್ಟ್ಜ್ ಒಳ್ಳೆಯ ಆರಂಭ. ಅದಕ್ಕಿಂತ ಕೆಳಗೆ ಸದ್ದು ಯಾವ ಕಡೆಯಿಂದ ಬರುತ್ತಿದೆ ಎಂದು ಕಿವಿ ಗುರುತಿಸುವುದು ಕಷ್ಟ, ಹಾಗಾಗಿಯೇ ಸಿನಿಮಾ ಧ್ವನಿಗೆ ಗುಣಮಟ್ಟ ನಿಗದಿಪಡಿಸುವ ಟಿಎಚ್‌ಎಕ್ಸ್ ಸಂಸ್ಥೆ ಆ ಅಂಕಿಯನ್ನು ತನ್ನ ಮಾನದಂಡವಾಗಿ ಇಟ್ಟುಕೊಂಡಿತು. ಸುದ್ದಿ ಓದುವವರ ಗಂಡುದನಿ ಸಬ್‌ವೂಫರ್‌ನಿಂದ ಬಂದಂತೆ ಕೇಳಿಸಿದರೆ ಕ್ರಾಸ್‌ಓವರ್ ಅತಿ ಮೇಲಿದೆ ಎಂದರ್ಥ. 120 ಅಥವಾ 150ರಲ್ಲಿದ್ದರೆ ಕೆಳಗಿಳಿಸಿ. ಆದರೆ ಅಂಗೈಯಗಲದ ಸಣ್ಣ ಸ್ಯಾಟಲೈಟ್ ಸ್ಪೀಕರ್‌ಗಳಿರುವ ಸೆಟ್‌ನಲ್ಲಿ 80ಕ್ಕೆ ಇಳಿಸಿದರೆ ಸಬ್‌ವೂಫರ್‌ಗೂ ಸ್ಪೀಕರ್‌ಗೂ ನಡುವೆ ಯಾರೂ ನುಡಿಸದ ಒಂದು ಖಾಲಿ ಪಟ್ಟಿ ಉಳಿದು ಗಂಟಲು ಬತ್ತಿದಂಥ ದನಿ ಬರುತ್ತದೆ. ಅಂಥವುಗಳಿಗೆ 120ನ್ನೇ ಇಟ್ಟು, ಪೆಟ್ಟಿಗೆಯನ್ನು ಮುಂದಿನ ಸ್ಪೀಕರ್‌ಗಳ ಮಧ್ಯೆ ತಂದರೆ ದಿಕ್ಕಿನ ತೊಂದರೆ ಮರೆಯಾಗುತ್ತದೆ. ‘ಎಲ್‌ಎಫ್‌ಇಗೆ ಎಲ್‌ಪಿಎಫ್’ (ಲೋ ಪಾಸ್ ಫಿಲ್ಟರ್, ಒಂದು ಆವೃತ್ತಿಯಿಂದ ಮೇಲಿನದನ್ನು ತಡೆಯುವುದು) ಎಂಬ ಇನ್ನೊಂದು ಸೆಟ್ಟಿಂಗ್ ಇದೆ. ಇದು ಕ್ರಾಸ್‌ಓವರ್ ಅಲ್ಲ. ಆ ವಾಹಿನಿಯಲ್ಲಿ 120 ಹರ್ಟ್ಜ್‌ವರೆಗೆ ಧ್ವನಿ ಇರುವುದರಿಂದ ಇದನ್ನು 120ರಲ್ಲೇ ಬಿಡಿ.

ಫಿಲ್ಟರ್ ಸದ್ದನ್ನು ಎಷ್ಟು ಕಡಿದಾಗಿ ಇಳಿಸುತ್ತದೆ ಎಂಬ ಇಳಿಜಾರಿನ ಬಗ್ಗೆಯೂ ಒಂದು ಮಾತು. ಅನೇಕ ರಿಸೀವರ್‌ಗಳು ಸಬ್‌ವೂಫರನ್ನು ಆಕ್ಟೇವಿಗೆ (ಆವೃತ್ತಿ ಇಮ್ಮಡಿ ಅಥವಾ ಅರ್ಧವಾಗುವಷ್ಟು ಅಂತರಕ್ಕೆ) 24 ಡೆಸಿಬಲ್‌ನಂತೆ ಇಳಿಸುತ್ತವೆ, ಸ್ಪೀಕರ್‌ಗಳನ್ನು 12ರಂತೆ. ಮುಚ್ಚಿದ ಪೆಟ್ಟಿಗೆಯ ಸ್ಪೀಕರ್ ತಾನಾಗಿಯೇ 80 ಹರ್ಟ್ಜ್ ಬಳಿ ಇನ್ನೊಂದು 12ರಂತೆ ಇಳಿಯುತ್ತದೆ ಎಂಬ ಎಣಿಕೆಯಿಂದ ಹೀಗೆ ಮಾಡಿರುವುದು. ಎರಡೂ ಸೇರಿದಾಗ ಹ್ಯೂಲೆಟ್ ಪ್ಯಾಕರ್ಡ್‌ನ ಎಂಜಿನಿಯರ್‌ಗಳಾಗಿದ್ದ ಸೀಗ್‌ಫ್ರೀಡ್ ಲಿಂಕ್ವಿಟ್ಸ್ ಮತ್ತು ರಸ್ ರೈಲಿ 1970ರ ದಶಕದಲ್ಲಿ ರೂಪಿಸಿದ ಬಗೆಯ ಕ್ರಾಸ್‌ಓವರ್ ಸಿದ್ಧಿಸುತ್ತದೆ. ಅದರಲ್ಲಿ ಎರಡೂ ಕಡೆ ಕೂಡುಬಿಂದುವಿನಲ್ಲಿ 6 ಡೆಸಿಬಲ್ ತಗ್ಗಿ, ಒಂದೇ ಫೇಸ್‌ನಲ್ಲಿ ಕೂಡಿ, ಸಮತಟ್ಟಾಗುತ್ತವೆ. ನಿಮ್ಮ ಸ್ಪೀಕರ್ ಪೋರ್ಟ್ (ಗಾಳಿ ಓಡಾಡುವ ಕೊಳವೆಯಂಥ ತೂತು) ಇರುವ ದೊಡ್ಡ ಟವರ್ ಆಗಿದ್ದು 40 ಹರ್ಟ್ಜ್‌ವರೆಗೂ ನುಡಿಯುತ್ತಿದ್ದರೆ ಈ ಎಣಿಕೆ ಪೂರ್ತಿ ಹೊಂದುವುದಿಲ್ಲ. ಪೋರ್ಟ್ ಬಾಯಿಗೆ ಫೋಮ್ ತುರುಕಿ ನೋಡಿದರೆ ಕೆಲವು ಸಲ ಕೂಡಿಕೆ ಗಮನಾರ್ಹವಾಗಿ ಸುಧಾರಿಸುತ್ತದೆ.

ಫೇಸ್ ಮತ್ತು ದೂರ

80 ಹರ್ಟ್ಜ್‌ನ ಅರ್ಧ ಅಲೆ ಸುಮಾರು 2.15 ಮೀಟರ್. ಸಬ್‌ವೂಫರ್‌ನ ಅಲೆ ಮುಖ್ಯ ಸ್ಪೀಕರ್‌ನದಕ್ಕಿಂತ ಅಷ್ಟು ಹಿಂದೆ ಬಿದ್ದರೆ ಕೂಡುಬಿಂದುವಿನಲ್ಲಿ ಒಂದು ತಳ್ಳುವಾಗ ಇನ್ನೊಂದು ಎಳೆಯುತ್ತದೆ. ಎರಡೂ ದುಡಿಯುತ್ತಿದ್ದರೂ ಕಿವಿಗೆ ಏನೂ ತಲುಪುವುದಿಲ್ಲ. ಸಬ್‌ವೂಫರ್ ಆಫ್ ಮಾಡಿದಾಗ ಬಾಸ್ ಹೆಚ್ಚಾದಂತೆ ಕೇಳಿಸಿದರೆ ದೋಷ ಇದೇ, ಅನುಮಾನವೇ ಬೇಡ.

ಪರೀಕ್ಷೆ ಹೀಗೆ. ಒಂದು ಮುಂದಿನ ಸ್ಪೀಕರ್ ಮತ್ತು ಸಬ್‌ವೂಫರ್ ಮಾತ್ರ ನುಡಿಯುವಂತೆ ಮಾಡಿ, ಕ್ರಾಸ್‌ಓವರ್ ಆವೃತ್ತಿಯದ್ದೇ ಒಂದು ನಿರಂತರ ಸ್ವರ ಹಾಕಿ, ನಿಮ್ಮ ಆಸನದಲ್ಲಿ ಕುಳಿತು ಇನ್ನೊಬ್ಬರಿಂದ ಫೇಸ್ ಸ್ವಿಚ್ಚನ್ನು ಸೊನ್ನೆಯಿಂದ 180ಕ್ಕೆ ಬದಲಿಸಿ ಕೇಳಿ. ಜೋರಾಗಿ ಕೇಳಿಸುವ ಸ್ಥಾನ ಸರಿಯಾದದ್ದು. ಇನ್ನಷ್ಟು ನಿಖರತೆ ಬೇಕಾದರೆ ರಿಸೀವರ್‌ನಲ್ಲಿ ಸಬ್‌ವೂಫರ್‌ನ ದೂರದ ಅಂಕಿಯನ್ನು 30 ಸೆಂಟಿಮೀಟರ್‌ನಂತೆ ಬದಲಿಸುತ್ತ ಹೋಗಿ; 80 ಹರ್ಟ್ಜ್‌ನಲ್ಲಿ ಒಂದೊಂದು ಹೆಜ್ಜೆಯೂ ಸುಮಾರು 25 ಡಿಗ್ರಿ ಫೇಸ್‌ಗೆ ಸಮ. ಗರಿಷ್ಠವನ್ನು ಕಿವಿಯಿಂದ ಹಿಡಿಯುವುದು ಕಷ್ಟ, ಏಕೆಂದರೆ ಅದು ಚಪ್ಪಟೆಯಾಗಿರುತ್ತದೆ. ಕನಿಷ್ಠ ಮಾತ್ರ ಚೂಪಾಗಿರುತ್ತದೆ. ಆದ್ದರಿಂದ ಫೇಸ್ ಸ್ವಿಚ್ಚನ್ನು ಉಲ್ಟಾ ಮಾಡಿಟ್ಟು, ಸ್ವರ ಅತಿ ಕ್ಷೀಣವಾಗುವ ದೂರವನ್ನು ಹುಡುಕಿ, ಆಮೇಲೆ ಸ್ವಿಚ್ಚನ್ನು ಮರಳಿಸುವುದು ಉತ್ತಮ.

ಸ್ವಯಂಚಾಲಿತ ಅಳತೆ ಸಬ್‌ವೂಫರ್ ಐದು ಮೀಟರ್ ದೂರದಲ್ಲಿದೆ ಎನ್ನುತ್ತದೆ, ಟೇಪು ಹಿಡಿದರೆ ಮೂರೇ ಮೀಟರ್ ಎಂದು ಗಾಬರಿಯಾಗಿ ಅಂಕಿಯನ್ನು ತಿದ್ದುವವರಿದ್ದಾರೆ. ತಿದ್ದಬೇಡಿ. ಪೆಟ್ಟಿಗೆಯೊಳಗಿನ ಫಿಲ್ಟರ್ ಮತ್ತು ಡಿಜಿಟಲ್ ಸಂಸ್ಕರಣೆಗೆ ಕೆಲವು ಮಿಲಿಸೆಕೆಂಡ್ ಹಿಡಿಯುತ್ತದೆ, ಮತ್ತು ಒಂದು ಮಿಲಿಸೆಕೆಂಡ್ ಎಂದರೆ ಸುಮಾರು 35 ಸೆಂಟಿಮೀಟರ್. ಆ ಅಂಕಿ ಅಂತರವನ್ನಲ್ಲ, ತಡವನ್ನು ಹೇಳುತ್ತಿದೆ.

ಕಟಕಟ, ಬುಸುಬುಸು

20ರಿಂದ 120 ಹರ್ಟ್ಜ್‌ವರೆಗೆ ನಿಧಾನವಾಗಿ ಏರುವ ಸ್ವರವೊಂದನ್ನು ಹಾಕಿ ಮನೆಯೊಳಗೆ ಓಡಾಡಿದರೆ ಅಲುಗುವ ವಸ್ತುಗಳೆಲ್ಲ ತಮ್ಮ ತಮ್ಮ ಸರದಿಯಲ್ಲಿ ಸಿಕ್ಕಿಬೀಳುತ್ತವೆ: ಶೋಕೇಸಿನ ಗಾಜು, ಕಿಟಕಿಯ ಚಿಲಕ, ಫ್ಯಾನಿನ ಬಟ್ಟಲು, ಫಾಲ್ಸ್ ಸೀಲಿಂಗಿನ ದೀಪ, ಅಡುಗೆಮನೆಯ ಸ್ಟ್ಯಾಂಡಿನ ತಟ್ಟೆಗಳು. ಸ್ಪೀಕರ್ ಹರಿದಿದೆ ಎಂದು ಪೆಟ್ಟಿಗೆಯನ್ನು ಅಂಗಡಿಗೆ ಹೊರುವ ಮೊದಲು ಇದನ್ನು ಮಾಡಿ. ಪೆಟ್ಟಿಗೆಯಿಂದಲೇ ಬರುವ ಬುಸುಬುಸು ಸದ್ದು ಪೋರ್ಟಿನ ಗಾಳಿಯದು. ಪೋರ್ಟ್ ಗೋಡೆಗೆ ಅಂಟಿದ್ದರೆ ಒಂದು ಗೇಣು ದೂರ ಸರಿಸಿ, ಆಮೇಲೆ ವಾಲ್ಯೂಮ್ ತಗ್ಗಿಸಿ. ಎರಡೂ ಅಂಗೈಗಳಿಂದ ಕೋನನ್ನು, ಅಂದರೆ ಸ್ಪೀಕರ್‌ನ ಅಲುಗುವ ಶಂಕುವಿನಾಕಾರದ ಭಾಗವನ್ನು, ಸಮನಾಗಿ, ಮೆಲ್ಲಗೆ ಒತ್ತಿ ಬಿಟ್ಟಾಗ ಒಳಗೆ ಕರಕರ ಉಜ್ಜಿದರೆ ಮಾತ್ರ ಅದನ್ನು ಅಲುಗಿಸುವ ತಂತಿಯ ಸುರುಳಿ, ಅಂದರೆ ವಾಯ್ಸ್ ಕಾಯಿಲ್, ಕೆಟ್ಟಿದೆ.

ಮಟ್ಟ, ಕೊನೆಗೆ ಈಕ್ವಲೈಸರ್

ಸ್ವಯಂಚಾಲಿತ ಅಳತೆಯ ನಂತರ ಸಬ್‌ವೂಫರ್ ಮಟ್ಟ ರಿಸೀವರ್‌ನಲ್ಲಿ ಮೈನಸ್ 12 ಎಂದು ತೋರಿಸಿದರೆ ಅದು ಫಲಿತಾಂಶವಲ್ಲ, ತಳ ಮುಟ್ಟಿದ ಸೂಚನೆ. ಪೆಟ್ಟಿಗೆಯ ಗೇನ್ ತಗ್ಗಿಸಿ, ಅಂಕಿ ಮಿತಿಯಿಂದ ದೂರ ಬರುವಂತೆ ಅಳತೆಯನ್ನು ಮತ್ತೆ ಮಾಡಿ. ಅಳೆಯುವಾಗ ಫ್ಯಾನ್, ಏಸಿ ಆಫ್ ಇರಲಿ; ಅವುಗಳ ತಗ್ಗು ಗದ್ದಲ ನೇರವಾಗಿ ಸಬ್‌ವೂಫರ್ ವ್ಯಾಪ್ತಿಗೇ ಬೀಳುತ್ತದೆ. ಮೈಕನ್ನು ಸೋಫಾದ ಬೆನ್ನಿನ ಮೇಲೆ ಒರಗಿಸದೆ, ಕಿವಿಯ ಎತ್ತರದಲ್ಲಿ ಸ್ಟ್ಯಾಂಡ್ ಮೇಲೆ ನಿಲ್ಲಿಸಬೇಕು.

ಈಕ್ವಲೈಸರ್ ಬಳಸುವವರು ಕಣ್ಣಿನಿಂದ ನೋಡಿ ಬಳಸುವುದು ಒಳ್ಳೆಯದು. ಫೋನಿನ ಮೈಕ್ ಮಾತಿಗಾಗಿ ಮಾಡಿದ್ದು, ತಗ್ಗು ಆವೃತ್ತಿಯಲ್ಲಿ ನಂಬಲು ಬರುವುದಿಲ್ಲ. ತನ್ನದೇ ಕ್ಯಾಲಿಬ್ರೇಷನ್ ಫೈಲ್ ಇರುವ ಯುಎಸ್‌ಬಿ ಮೈಕ್ ಒಂದು, ಜಾನ್ ಮುಲ್ಕಾಹಿ ಉಚಿತವಾಗಿ ಒದಗಿಸಿರುವ ರೂಮ್ ಇಕ್ಯು ವಿಜಾರ್ಡ್ ತಂತ್ರಾಂಶ, ಒಂದು ಲ್ಯಾಪ್‌ಟಾಪ್ ಇದ್ದರೆ ಸಾಕು. ಮುಖ್ಯ ಆಸನದಲ್ಲೂ ಅದರ ಅಕ್ಕಪಕ್ಕದಲ್ಲೂ 15ರಿಂದ 200 ಹರ್ಟ್ಜ್‌ವರೆಗೆ ಅಳೆದು ಗೆರೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿ. ಎಲ್ಲ ಸ್ಥಾನಗಳಲ್ಲೂ ಕಾಣುವ ಏರು ಈಕ್ವಲೈಸರ್‌ಗೆ ಸಿಗುತ್ತದೆ. 47 ಹರ್ಟ್ಜ್‌ನಲ್ಲಿ 9 ಡೆಸಿಬಲ್ ಏರಿದ್ದರೆ ಅಲ್ಲೇ, ಅದೇ ಅಗಲದ, ಏಳೆಂಟು ಡೆಸಿಬಲ್ ಕಡಿತ ಕೊಡಿ. ಏರು ತಗ್ಗುವುದಷ್ಟೇ ಅಲ್ಲ, ಸ್ವರ ನಿಂತ ಮೇಲೂ ಉಳಿಯುತ್ತಿದ್ದ ಮೊಳಗೂ ಕಡಿಮೆಯಾಗುತ್ತದೆ. ಅಗಲವನ್ನು ಹೇಳುವ ಕ್ಯೂ ಎಂಬ ಅಂಕಿಯ ವ್ಯಾಖ್ಯೆ ಸಾಧನದಿಂದ ಸಾಧನಕ್ಕೆ ಬೇರೆಯಾಗಿರುವುದರಿಂದ ತಂತ್ರಾಂಶದಲ್ಲಿ ನಿಮ್ಮ ಈಕ್ವಲೈಸರ್‌ನ ಹೆಸರನ್ನೇ ಆರಿಸಿ, ಬದಲಿಸಿದ ಮೇಲೆ ಮತ್ತೆ ಅಳೆದು ನೋಡಿ.

ಒಂದೇ ಸ್ಥಾನದಲ್ಲಿ ಕಾಣುವ ಆಳವಾದ, ಕಿರಿದಾದ ತಗ್ಗನ್ನು ತುಂಬಲು ಹೋಗಬೇಡಿ. ಅಲ್ಲಿ ಎರಡು ಅಲೆಗಳು ಒಂದನ್ನೊಂದು ಅಳಿಸುತ್ತಿವೆ. ನೀವು ಹೆಚ್ಚಿಸಿದಷ್ಟೂ ಎರಡೂ ಹೆಚ್ಚಿ ಮತ್ತೆ ಅಳಿಸಿಕೊಳ್ಳುತ್ತವೆ. ಇತ್ತ 6 ಡೆಸಿಬಲ್ ಏರಿಕೆಗೆ ಆಂಪ್ಲಿಫೈಯರ್ ನಾಲ್ಕು ಪಟ್ಟು, 10 ಡೆಸಿಬಲ್‌ಗೆ ಹತ್ತು ಪಟ್ಟು ಶಕ್ತಿ ಕೊಡಬೇಕು. ಪೋರ್ಟ್ ಇರುವ ಪೆಟ್ಟಿಗೆಯಲ್ಲಿ ಪೋರ್ಟಿನ ಆವೃತ್ತಿಗಿಂತ ಕೆಳಗೆ ಏರಿಸುವುದಂತೂ ಅಪಾಯ. ಅಲ್ಲಿ ಕೋನಿಗೆ ಗಾಳಿಯ ಹಿಡಿತವೇ ಇರುವುದಿಲ್ಲ, ಅದು ಅಂಕೆ ಮೀರಿ ಚಲಿಸಿ ಹಾಳಾಗುತ್ತದೆ. ತಗ್ಗಿಗೆ ಮದ್ದು ಜಾಗ ಬದಲಿಸುವುದು, ಫೇಸ್ ತಿದ್ದುವುದು ಅಥವಾ ಎರಡನೆಯ ಪೆಟ್ಟಿಗೆ, ಅಷ್ಟೇ.

ಗೆರೆಯನ್ನು ಪೂರ್ತಿ ಸಪಾಟಾಗಿಸಿದಾಗ ಬಾಸ್ ತೆಳುವಾಯಿತೆಂದು ಅನೇಕರಿಗೆ ಅನ್ನಿಸುತ್ತದೆ, ಅದು ತಪ್ಪೇನೂ ಅಲ್ಲ. ಮೇಲಿನಿಂದ ತಗ್ಗಿನ ಕಡೆಗೆ ಕೆಲವು ಡೆಸಿಬಲ್ ಮೆಲ್ಲಗೆ ಏರುವ ಗೆರೆಯನ್ನೇ ಹೆಚ್ಚಿನ ಕೇಳುಗರು ಮೆಚ್ಚುತ್ತಾರೆ. ಏರುತಗ್ಗುಗಳು ಹೋದ ಮೇಲೆ ಸಬ್‌ವೂಫರ್‌ನ ಒಟ್ಟು ಮಟ್ಟವನ್ನು ಮೂರು ನಾಲ್ಕು ಡೆಸಿಬಲ್ ಏರಿಸಿಕೊಳ್ಳಿ. ಇಷ್ಟೆಲ್ಲ ಆದ ಮೇಲೂ ರಾತ್ರಿ ಕಡಿಮೆ ವಾಲ್ಯೂಮ್‌ನಲ್ಲಿ ಮಾತ್ರ ಬಾಸ್ ಸಾಲದೆನಿಸಿದರೆ ಅದು ಯಾವ ಸೆಟ್ಟಿಂಗಿನ ದೋಷವೂ ಅಲ್ಲ, ಸದ್ದು ತಗ್ಗಿದಂತೆ ಮನುಷ್ಯನ ಕಿವಿ ಮಂದ್ರಕ್ಕೆ ಹೆಚ್ಚು ಮಂದವಾಗುತ್ತದೆ. ಅದಕ್ಕಾಗಿ ಸಬ್‌ವೂಫರ್‌ನ ಗೇನ್ ಏರಿಸಿದರೆ ಮರುದಿನ ಜೋರಾಗಿ ಹಾಕಿದಾಗ ಮತ್ತೆ ಮೊಳಗು ಶುರುವಾಗುತ್ತದೆ. ವಾಲ್ಯೂಮ್‌ಗೆ ತಕ್ಕಂತೆ ತಾನಾಗಿ ಹೊಂದಿಕೊಳ್ಳುವ ಲೌಡ್‌ನೆಸ್ ಅಥವಾ ಡೈನಮಿಕ್ ಇಕ್ಯು ಆಯ್ಕೆಯನ್ನು, ಮೊದಲಿಗೆ ಆಫ್ ಮಾಡಿಟ್ಟಿದ್ದರೆ, ಈಗ ಆನ್ ಮಾಡಿ.